ಆಲ್-ಇನ್‌ಕ್ಲೂಸಿವ್ ಬೀಚ್ ರೆಸಾರ್ಟಲ್ಲಿ ಒಂದು ವಾರ: ಯಾವುದು ಮೊದಲು, ಯಾವುದು ಆಮೇಲೆ

ಆಲ್-ಇನ್‌ಕ್ಲೂಸಿವ್, ಅಂದರೆ ರೂಮು, ಊಟ, ಪಾನೀಯ ಎಲ್ಲಾ ಒಂದೇ ಬೆಲೆಯಲ್ಲಿ ಸೇರಿರುವ ರೆಸಾರ್ಟಿಗೆ ಹೋಗಿ ಬಂದವರು ಹೇಳುವ ದೂರು ಹೆಚ್ಚುಕಮ್ಮಿ ನಾಲ್ಕೇ. ಎರಡನೇ ದಿನ ಮೈ ಸುಟ್ಟುಕೊಂಡೆವು. ಮೂರನೇ ದಿನ ಹೊಟ್ಟೆ ಕೆಟ್ಟಿತು. ಚೆನ್ನಾಗಿರೋ ರೆಸ್ಟೋರೆಂಟಲ್ಲಿ ಕೊನೆವರೆಗೂ ಟೇಬಲ್ ಸಿಗಲಿಲ್ಲ. ಹೊರಡುವಾಗ ಗೊತ್ತೇ ಇಲ್ಲದ ಬಿಲ್ ಕೈಗಿಟ್ಟರು.

ಆಮೇಲೆ ರೆಸಾರ್ಟನ್ನು ಬೈತಾರೆ. ಕೆಲವು ಸಲ ಆ ಬೈಗುಳ ಸರಿಯೇ. ಆದರೆ ಬಹಳ ಸಲ ಕೆಟ್ಟಿರುವುದು ರೆಸಾರ್ಟ್ ಅಲ್ಲ, ನಾವು ಕೆಲಸ ಮಾಡಿದ ಕ್ರಮ. ಮೊದಲ ದಿನ ಮಾಡಬೇಕಾದ್ದನ್ನು ಮೂರನೇ ದಿನ ಮಾಡಿರುತ್ತೇವೆ, ನಾಲ್ಕನೇ ದಿನ ಮಾಡಬಹುದಾಗಿದ್ದನ್ನು ಮೊದಲ ದಿನವೇ ಮಾಡಿರುತ್ತೇವೆ. ಹಾಗಾಗಿ ಇದನ್ನು ಕ್ರಮವಾಗಿಯೇ ಓದಿ.

## ಹಂತ 1: ದುಡ್ಡು ಕಟ್ಟುವ ಮುಂಚೆ, "ಎಲ್ಲಾ" ಅಂದರೆ ಏನೇನು ಅಂತ ಕೇಳಿ

"ಎಲ್ಲಾ ಸೇರಿದೆ" ಅನ್ನೋ ಮಾತಿಗೆ ಎಲ್ಲಾ ಕಡೆ ಒಂದೇ ಅರ್ಥ ಇಲ್ಲ. ರೂಮು, ಬಫೆ ಊಟ, ಮಾಮೂಲಿ ಪಾನೀಯ, ಈಜುಕೊಳ, ಬೀಚಿನ ಕುರ್ಚಿ: ಇಷ್ಟಂತೂ ಸಾಮಾನ್ಯವಾಗಿ ಇರುತ್ತದೆ. ಅದರಾಚೆಗೆ ಒಂದೊಂದು ಜಾಗದ್ದು ಒಂದೊಂದು ಕಥೆ.

ಸೇರಿದೆಯಾ ಇಲ್ಲವಾ ಅಂತ ಬರಹದಲ್ಲೇ ಕೇಳಬೇಕಾದವು ಇವು: ಬಫೆ ಅಲ್ಲದ ರೆಸ್ಟೋರೆಂಟುಗಳು (ಸೇರಿದ್ದರೆ ವಾರಕ್ಕೆ ಎಷ್ಟು ಸಲ?), ವಿಮಾನ ನಿಲ್ದಾಣದಿಂದ ಬರುವ ಗಾಡಿ, ಮಿನಿಬಾರ್, ರೂಮಿನ ಲಾಕರ್, ವೈಫೈ, ರೂಮಿಗೆ ತರಿಸುವ ಊಟ, ಮೋಟಾರ್ ಇರುವ ನೀರಾಟಗಳು, ಸ್ಪಾ, ಮಕ್ಕಳನ್ನು ನೋಡಿಕೊಳ್ಳುವ ಜಾಗ. ಇವುಗಳ ಜೊತೆಗೆ ಅಲ್ಲಿ ಹೋದ ಮೇಲೆ ಕಟ್ಟಬೇಕಾದ ತೆರಿಗೆ ಅಥವಾ ರೆಸಾರ್ಟ್ ಶುಲ್ಕ ಏನಾದರೂ ಇದೆಯಾ ಅಂತಲೂ ಕೇಳಿ. ಇದನ್ನು ಮಾತ್ರ ಯಾರೂ ತಾವಾಗಿ ಹೇಳೋದಿಲ್ಲ.

ರಾತ್ರಿಗಳನ್ನು ಎಣಿಸಿ. "7 ದಿನ" ಅಂತ ಬರೆದಿದ್ದರೆ ಅದು ಬಹಳ ಕಡೆ 6 ರಾತ್ರಿ. ಬಂದ ದಿನ ಮಧ್ಯಾಹ್ನ 3ಕ್ಕೆ ರೂಮು, ಹೊರಡುವ ದಿನ 11 ಅಥವಾ 12ಕ್ಕೆ ಖಾಲಿ ಮಾಡಬೇಕು ಅಂದರೆ ಕೈಗೆ ಪೂರ್ತಿ ಸಿಗೋದು ಐದೇ ದಿನ.

ಋತುವನ್ನೂ ನೋಡಿ. ಬೆಲೆ ದಿಢೀರನೆ ಇಳಿದಿದ್ದರೆ ಕಾರಣ ಇದ್ದೇ ಇರುತ್ತದೆ. ಉದಾಹರಣೆಗೆ ಕೆರಿಬಿಯನ್ ಸೇರಿದ ಅಟ್ಲಾಂಟಿಕ್ ಭಾಗದಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಆದರೆ ಬುಕಿಂಗ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತಾ, ಪ್ರಯಾಣ ವಿಮೆ ಯಾವುದಕ್ಕೆಲ್ಲ ಕೊಡುತ್ತದೆ ಅಂತ ಓದಿಕೊಂಡೇ ಹೋಗಿ. ಚಂಡಮಾರುತ ಬರುತ್ತಿದೆ ಅಂತ ಸುದ್ದಿಯಾದ ಮೇಲೆ ತೆಗೆದ ವಿಮೆ ಆ ಚಂಡಮಾರುತಕ್ಕೆ ಸಾಮಾನ್ಯವಾಗಿ ಅನ್ವಯಿಸೋದಿಲ್ಲ.

ಎಚ್ಚರಿಕೆ: ಫೋಟೋಗಳಲ್ಲಿ ಈಜುಕೊಳವೇ ಎಲ್ಲಾ ಕಡೆ, ಬೀಚ್ ಮಾತ್ರ ಒಂದೇ ಒಂದು ದೂರದ ಚಿತ್ರ. ಹಾಗಿದ್ದರೆ ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ಹೋಗಿ ನೋಡಿ. ರಸ್ತೆ ದಾಟಿ ಹೋಗಬೇಕಾದ ಬೀಚುಗಳೂ ಇವೆ, ಬರೀ ಬಂಡೆ ಇರುವ ಬೀಚುಗಳೂ ಇವೆ.

## ಹಂತ 2: ಎರಡು ಚೀಲದ ಲೆಕ್ಕ

ದೊಡ್ಡ ಚೀಲದಲ್ಲಿ ಏನು ಹಾಕುತ್ತೀರೋ ನಿಮ್ಮಿಷ್ಟ, ಎಲ್ಲರೂ ಬೇಕಾದ್ದಕ್ಕಿಂತ ದುಪ್ಪಟ್ಟು ಬಟ್ಟೆ ಒಯ್ಯುತ್ತಾರೆ. ಮುಖ್ಯವಾದದ್ದು ಕೈಚೀಲ.

ನೀವು ಬೆಳಗ್ಗೆ 9ಕ್ಕೆ ತಲುಪಿ, ರೂಮು 3 ಗಂಟೆಗೆ ಅಂದರೆ ಆ ಆರು ಗಂಟೆ ಕೈಚೀಲದಲ್ಲೇ ಬದುಕಬೇಕು. ಅದರಲ್ಲಿ ಈಜುಡುಗೆ, ಚಪ್ಪಲಿ, ಟೋಪಿ, ಒಂದು ತೆಳು ಅಂಗಿ ಇರಲಿ. ಹಾಗಿದ್ದರೆ ಲಗೇಜನ್ನು ರಿಸೆಪ್ಷನ್‌ನಲ್ಲಿ ಬಿಟ್ಟು ನೇರವಾಗಿ ನೀರಿಗೆ. ಇಲ್ಲದಿದ್ದರೆ ಜೀನ್ಸ್ ಹಾಕಿಕೊಂಡು ಲಾಬಿಯಲ್ಲಿ ಕೂತು, ಈಜುತ್ತಿರುವವರನ್ನು ನೋಡುತ್ತಾ ಬೆವರಬೇಕಾಗುತ್ತದೆ. ದಿನಾ ತಗೊಳ್ಳುವ ಮಾತ್ರೆಗಳೂ ಇದೇ ಚೀಲದಲ್ಲಿರಲಿ. ಸನ್‌ಸ್ಕ್ರೀನಿನ ಒಂದು ಚಿಕ್ಕ ಟ್ಯೂಬೂ ಇದರಲ್ಲೇ ಇರಲಿ, 100 ಮಿಲಿ ದಾಟದಂಥದ್ದು. ಅದಕ್ಕಿಂತ ದೊಡ್ಡದನ್ನು ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ಕೈಚೀಲದಿಂದ ತೆಗೆದಿಡುತ್ತಾರೆ.

ದೊಡ್ಡ ಚೀಲಕ್ಕೆ ಹೋಗಬೇಕಾದ, ಆದರೆ ಜನ ಮರೆಯುವ ಸಾಮಾನುಗಳು:

- ಒಆರ್‌ಎಸ್ ಪ್ಯಾಕೆಟ್, ಬೇಧಿಗೆ ವೈದ್ಯರು ಹೇಳಿದ ಮಾತ್ರೆ, ಬ್ಯಾಂಡೇಜ್
- ಉದ್ದ ತೋಳಿನ ಈಜು ಅಂಗಿ
- ಬಂಡೆ, ಬಿಸಿ ಮರಳಿಗೆ ಆಗುವ ರಬ್ಬರ್ ತಳದ ನೀರಿನ ಶೂ
- ಮುಚ್ಚಳ ಗಟ್ಟಿಯಿರುವ ನೀರಿನ ಬಾಟಲಿ
- ಒಂದು ಜೊತೆ ಉದ್ದ ಪ್ಯಾಂಟು, ಮುಚ್ಚಿದ ಶೂ. ಸಂಜೆಯ ರೆಸ್ಟೋರೆಂಟುಗಳಲ್ಲಿ ಚಡ್ಡಿ-ಚಪ್ಪಲಿಗೆ ಬಾಗಿಲಲ್ಲೇ ಬೇಡ ಅನ್ನುತ್ತಾರೆ
- ಸೊಳ್ಳೆ ಔಷಧಿ
- ಅಲ್ಲಿನ ದುಡ್ಡಿನ ಚಿಲ್ಲರೆ ನೋಟು, ಟಿಪ್ಸ್‌ಗೆ

ಸನ್‌ಸ್ಕ್ರೀನ್ ಮನೆಯಿಂದಲೇ ಒಯ್ಯಿರಿ. ರೆಸಾರ್ಟಿನೊಳಗಿನ ಅಂಗಡಿಯಲ್ಲಿ ಅದರ ಬೆಲೆ ಕೇಳಿದರೆ ಬಿಸಿಲೇ ವಾಸಿ ಅನಿಸುತ್ತದೆ. ಹವಾಯಿಯಂಥ ಕಡೆ ಹವಳದ ದಿಬ್ಬಗಳಿಗೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರಿಂದ ನಿಷೇಧಿಸಿದ್ದಾರೆ. ಅವುಗಳ ಬದಲು ಜಿಂಕ್ ಆಕ್ಸೈಡ್ ಮಾತ್ರ ಇರುವುದನ್ನು ತಗೊಂಡರೆ ಆ ತಲೆನೋವು ಇಲ್ಲ.

## ಹಂತ 3: ಮೊದಲ ಮೂರು ಗಂಟೆ

ಇಡೀ ವಾರ ಹೇಗಿರುತ್ತದೆ ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ. ಸುಸ್ತಾಗಿರುತ್ತೀರಿ, ಕೈಗೊಂದು ತಣ್ಣನೆ ಗ್ಲಾಸ್ ಕೊಟ್ಟಿರುತ್ತಾರೆ, "ನಾಳೆ ನೋಡೋಣ" ಅನಿಸುತ್ತದೆ. ನಾಳೆಗೆ ಬಿಡಬೇಡಿ.

ಕೈಪಟ್ಟಿ. ನೀವು ಅಲ್ಲಿನ ಅತಿಥಿ ಅಂತ ಗುರುತಿಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇದು. ಕಟ್ಟುವಾಗ ಪಟ್ಟಿಯ ಕೆಳಗೆ ಒಂದು ಬೆರಳು ತೂರಿಸಿ ಇಡಿ. ಬಿಸಿಲಿಗೆ, ಉಪ್ಪಿಗೆ ಕೈ ಸ್ವಲ್ಪ ಊದಿಕೊಳ್ಳುತ್ತದೆ, ಬಿಗಿಯಾಗಿ ಕಟ್ಟಿಸಿಕೊಂಡರೆ ಮೂರನೇ ದಿನ ಕೆಂಪು ಗೆರೆ. ವಾಚ್ ಕಟ್ಟುವ ಕೈಗೆ ಬೇಡ.

ಕಾರ್ಡ್. ಠೇವಣಿಗೆ ಅಂತ ಕಾರ್ಡಿನಲ್ಲಿ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ. ಎಷ್ಟು, ಯಾವಾಗ ಬಿಡುತ್ತೀರಿ ಅಂತ ಕೇಳಿ. ಕ್ರೆಡಿಟ್ ಕಾರ್ಡ್ ಕೊಡಿ, ಡೆಬಿಟ್ ಬೇಡ. ಡೆಬಿಟ್‌ನಲ್ಲಿ ನಿಮ್ಮದೇ ದುಡ್ಡು ಹೊರಟ ಮೇಲೂ ಕೆಲವು ದಿನ ಸಿಕ್ಕಿಹಾಕಿಕೊಂಡಿರುತ್ತದೆ. ಯಂತ್ರದಲ್ಲಿ "ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ" ಅಂತ ಬಂದರೆ ಬೇಡ ಅನ್ನಿ. ಅಲ್ಲಿನ ಹಣದಲ್ಲೇ ಕಟ್ಟಿ, ಇಲ್ಲದಿದ್ದರೆ ವಿನಿಮಯ ದರದಲ್ಲಿ ಕತ್ತರಿ ಬೀಳುತ್ತದೆ.

ರೆಸ್ಟೋರೆಂಟ್ ಬುಕಿಂಗ್. ರೂಮಿಗೆ ಹೋಗುವ ಮುಂಚೆಯೇ ಇದನ್ನು ಮುಗಿಸಿ. ಆ್ಯಪ್ ಇದ್ದರೆ ಮನೆಯಿಂದಲೇ ಮಾಡಬಹುದಾ ಅಂತ ನೋಡಿ. ಬಫೆ ಬಿಟ್ಟು ಉಳಿದ ಊಟದ ಜಾಗಗಳಲ್ಲಿ ಟೇಬಲ್ ಕಡಿಮೆ. ಸಂಜೆ 7ರಿಂದ 8.30ರ ಹೊತ್ತು ಮೊದಲು ಖಾಲಿಯಾಗುತ್ತದೆ. ಮೊದಲ ರಾತ್ರಿಗೆ ಬುಕ್ ಮಾಡಬೇಡಿ, ಸುಸ್ತಲ್ಲಿ ನಿದ್ದೆ ಹೋಗುತ್ತೀರಿ. ಕೊನೆ ರಾತ್ರಿಯೂ ಬೇಡ. ಎರಡು, ನಾಲ್ಕು, ಐದನೇ ರಾತ್ರಿ ಸರಿಹೋಗುತ್ತದೆ.

"ಸ್ವಾಗತ ಮೇಜು". ರಿಸೆಪ್ಷನ್ ಪಕ್ಕದಲ್ಲೇ ಇನ್ನೊಂದು ಮೇಜು. ಬಹಳ ಪ್ರೀತಿಯಿಂದ ಮಾತಾಡಿಸುತ್ತಾರೆ. ನಾಳೆ ಬೆಳಗ್ಗೆ ತಿಂಡಿಗೆ ಬನ್ನಿ, ಬರೀ 90 ನಿಮಿಷ, ಉಚಿತ ಮಸಾಜ್ ಕೂಪನ್ ಕೊಡುತ್ತೇವೆ ಅಂತಾರೆ. ಅದು ರೆಸಾರ್ಟ್ ಸದಸ್ಯತ್ವ ಮಾರುವ ಕೂಟ. 90 ನಿಮಿಷ ಅಂದವರು ಮಧ್ಯಾಹ್ನ ಮಾಡುತ್ತಾರೆ. "ಬೇಡ, ಧನ್ಯವಾದ" ಅಂದು ನಡೆಯುತ್ತಾ ಇರಿ. ಕಾರಣ ಹೇಳೋಕೆ ಹೋದಿರೋ, ನಿಮ್ಮ ಪ್ರತಿ ಕಾರಣಕ್ಕೂ ಅವರ ಹತ್ತಿರ ಉತ್ತರ ತಯಾರಿದೆ.

ರೂಮು. ಚೀಲವನ್ನು ಹಾಸಿಗೆ ಮೇಲೆ ಇಡಬೇಡಿ, ಬಚ್ಚಲಲ್ಲಿ ಇಡಿ. ಮೊದಲು ಹೊದಿಕೆ ಎತ್ತಿ ಹಾಸಿಗೆಯ ಅಂಚಿನ ಹೊಲಿಗೆಯನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ ಸಾಲಾಗಿ ಕಂಡರೆ ಅದು ತಿಗಣೆ. ಅಲ್ಲೇ ಫೋಟೋ ತೆಗೆದು, ರೂಮು ಬದಲಿಸಿ ಅನ್ನಿ. ಪಕ್ಕದ ರೂಮು ಬೇಡ, ದೂರದ್ದು ಕೇಳಿ. ಆಮೇಲೆ ಎಸಿ, ಬಿಸಿನೀರು, ಬಾಲ್ಕನಿ ಬಾಗಿಲಿನ ಚಿಲಕ, ಲಾಕರ್ ನೋಡಿ. ಚಿಕ್ಕ ಮಕ್ಕಳಿದ್ದರೆ ಬಾಲ್ಕನಿಯ ಕುರ್ಚಿ, ಟೀಪಾಯಿಯನ್ನು ಕಂಬಿಯಿಂದ ದೂರ ಎಳೆಯಿರಿ, ಅಥವಾ ಒಳಗೇ ತಂದಿಡಿ.

ರೂಮು ಸರಿಯಿಲ್ಲದಿದ್ದರೆ ಹೇಳಬೇಕಾದ್ದು ಇವತ್ತು, ಬಟ್ಟೆ ಬಿಚ್ಚಿ ಜೋಡಿಸುವ ಮುಂಚೆ. ಎರಡು ರಾತ್ರಿ ಮಲಗಿ ಆಮೇಲೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳೋದಿಲ್ಲ.

## ಹಂತ 4: ಬಿಸಿಲು, ಮುಖ್ಯವಾಗಿ ಮೊದಲ ಎರಡು ದಿನ

ನಾನು ಕಲಿತದ್ದು ಪಾದದಿಂದ. ಮುಖ, ಭುಜ, ಕತ್ತು ಎಲ್ಲಕ್ಕೂ ಹಚ್ಚಿದ್ದೆ. ಪಾದದ ಮೇಲ್ಭಾಗ ಮರೆತೇಹೋಯಿತು. ಕುರ್ಚಿಯಲ್ಲಿ ಕಾಲು ಚಾಚಿ ಎರಡು ಗಂಟೆ ಮಲಗಿದ್ದೆ ಅಷ್ಟೇ. ಆವತ್ತು ಸಂಜೆ ಏನೂ ಇರಲಿಲ್ಲ. ಮರುದಿನ ಬೆಳಗ್ಗೆ ಚಪ್ಪಲಿಯ ಪಟ್ಟಿ ತಾಗಿದರೆ ಜೀವ ಹೋಗುತ್ತಿತ್ತು. ಮುಂದಿನ ಎರಡು ದಿನ ಬರಿಗಾಲಲ್ಲಿ ನೆರಳಿಂದ ನೆರಳಿಗೆ ಕುಪ್ಪಳಿಸಿದ್ದಾಯಿತು. ಬಿಸಿಲಿನ ಸುಟ್ಟ ಗಾಯ ಹೀಗೇ, ಆಗುವಾಗ ಗೊತ್ತಾಗೋದಿಲ್ಲ, ಜೋರಾಗುವುದು 12ರಿಂದ 24 ಗಂಟೆ ಆದಮೇಲೆ.

ನಮ್ಮದು ಕಪ್ಪು ಚರ್ಮ, ಸುಡೋದಿಲ್ಲ ಅನ್ನೋ ನಂಬಿಕೆ ಬಿಡಿ. ನಿಧಾನವಾಗಿ ಸುಡುತ್ತದೆ, ಅಷ್ಟೇ.

1. ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಅದಕ್ಕಿಂತ ಜಾಸ್ತಿ ಇರುವುದು ಸಾಕು. 30 ಇದ್ದರೆ ಸುಡುವ ಕಿರಣಗಳಲ್ಲಿ ಸುಮಾರು 97%, 50 ಇದ್ದರೆ ಸುಮಾರು 98% ತಡೆಯುತ್ತದೆ. ನಂಬರಿಗಿಂತ ಎಷ್ಟು ಹಚ್ಚುತ್ತೀರಿ ಅನ್ನೋದು ಮುಖ್ಯ.
2. ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು. 100 ಮಿಲಿ ಟ್ಯೂಬ್ ಒಬ್ಬರಿಗೆ ಮೂರೇ ಸಲ. ಇಬ್ಬರಿಗೆ ಒಂದು ಟ್ಯೂಬ್ ವಾರ ಪೂರ್ತಿ ಬಂತು ಅಂದರೆ ನೀವು ಹಚ್ಚಿಯೇ ಇಲ್ಲ.
3. ಹೊರಗೆ ಹೋಗುವ 15 ನಿಮಿಷ ಮುಂಚೆ ಹಚ್ಚಿ. ಎರಡು ಗಂಟೆಗೊಮ್ಮೆ, ಮತ್ತೆ ನೀರಿಂದ ಎದ್ದು ಮೈ ಒರೆಸಿಕೊಂಡ ಕೂಡಲೇ ಇನ್ನೊಮ್ಮೆ.
4. ಸೊಳ್ಳೆ ಔಷಧಿಯೂ ಬೇಕಿದ್ದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಔಷಧಿ.
5. ಬೆಳಗ್ಗೆ 10ರಿಂದ ಸಂಜೆ 4ರವರೆಗಿನ ಬಿಸಿಲು ಕೆಟ್ಟದ್ದು. ಮೊದಲ ಎರಡು ದಿನ ಆ ಹೊತ್ತಲ್ಲಿ ನೆರಳಲ್ಲೇ ಇರಿ. ಛತ್ರಿ ಕೆಳಗೂ ಮರಳಿಂದ ಬೆಳಕು ಹಿಮ್ಮರಳಿ ಬರುತ್ತದೆ, ಅಲ್ಲೂ ಹಚ್ಚಿರಬೇಕು.

ಮಲೇರಿಯಾ ತಡೆಗೆ ಡಾಕ್ಸಿಸೈಕ್ಲಿನ್ ತಗೊಳ್ಳುತ್ತಿದ್ದರೆ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ನೀವು ತಗೊಳ್ಳುವ ಬೇರೆ ಮಾತ್ರೆಗಳಿಗೂ ಹೀಗಿದೆಯಾ ಅಂತ ಹೊರಡುವ ಮುಂಚೆ ವೈದ್ಯರನ್ನು ಕೇಳಿ.

ಎಚ್ಚರಿಕೆ: ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಎದ್ದು ನೆರಳಿಗೆ ಹೋಗಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಯಾರಾದರೂ ತೊದಲಿದರೆ, ಗೊಂದಲಕ್ಕೆ ಬಿದ್ದರೆ ಅದು ಉಷ್ಣಾಘಾತ ಇರಬಹುದು. ಕೂಡಲೇ ವೈದ್ಯರನ್ನು ಕರೆಸಿ, ಅವರು ಬರುವವರೆಗೆ ಮೈ ತಣ್ಣಗೆ ಮಾಡುತ್ತಾ ಇರಿ.

## ಹಂತ 5: ಬಫೆ

ದುಡ್ಡು ಕೊಟ್ಟಾಗಿದೆ, ವಸೂಲಿ ಮಾಡಲೇಬೇಕು ಅನ್ನೋ ಲೆಕ್ಕ ಹೊಟ್ಟೆಗೆ ಅರ್ಥ ಆಗೋದಿಲ್ಲ. ಮೂರನೇ ದಿನದ ಬೇಧಿಗೆ ಅರ್ಧ ಕಾರಣ ಈ ವಸೂಲಿ, ಇನ್ನರ್ಧ ಕಾರಣ ತಟ್ಟೆಗೆ ಹಾಕಿಕೊಳ್ಳುವ ಹೊತ್ತು.

ಬಫೆ ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋಗಿ. ತಟ್ಟೆ ಹಿಡಿಯುವ ಮುಂಚೆ ಬರಿಗೈಯಲ್ಲಿ ಒಂದು ಸುತ್ತು ಹಾಕಿ. ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಬೇಕು, ತಣ್ಣನೆಯದು 5ಕ್ಕಿಂತ ಕೆಳಗೆ. ಥರ್ಮಾಮೀಟರ್ ಬೇಡ, ಕಣ್ಣು ಸಾಕು. ಮುಚ್ಚಳ ತೆಗೆದರೆ ಹಬೆ ಬರಬೇಕು. ಸಾರಿನ ಮೇಲೆ ಕೆನೆ ಕಟ್ಟಿದ್ದರೆ, ಪಾತ್ರೆಯ ಅಂಚಲ್ಲಿ ಒಣಗಿ ಕಂದು ಗೆರೆ ಬಿದ್ದಿದ್ದರೆ ಅದು ಬಹಳ ಹೊತ್ತಿಂದ ಅಲ್ಲೇ ಕೂತಿದೆ. ಐಸ್ ಮೇಲಿಟ್ಟ ತಟ್ಟೆಯ ಕೆಳಗೆ ಐಸ್ ಕರಗಿ ನೀರಾಗಿದ್ದರೆ ಅದನ್ನೂ ಬಿಡಿ. ಕಣ್ಣೆದುರೇ ಮಾಡಿ ಬಡಿಸುವ ಕೌಂಟರ್ ಇದ್ದರೆ ಸಾಲು ಉದ್ದವಿದ್ದರೂ ಅಲ್ಲೇ ನಿಲ್ಲಿ, ಇಡೀ ಬಫೆಯಲ್ಲಿ ನಂಬಬಹುದಾದ ಜಾಗ ಅದು.

ಮೊದಲ ಎರಡು ದಿನ ಹಸಿ ಪದಾರ್ಥ ಬೇಡ: ಕತ್ತರಿಸಿಟ್ಟ ಸಲಾಡ್, ಹಸಿ ಮೀನು, ಅರೆಬೆಂದ ಮೊಟ್ಟೆ. ಹಣ್ಣು ತಿನ್ನಿ, ಆದರೆ ನೀವೇ ಸುಲಿಯುವಂಥದ್ದು. ಐಸ್ ಮಾಡಿದ್ದು ಯಾವ ನೀರಿಂದ, ನಲ್ಲಿ ನೀರು ಕುಡಿಯಬಹುದಾ ಅಂತ ಕೇಳೋಕೆ ನಾಚಿಕೆ ಬೇಡ. ಕುಡಿಯಬಾರದು ಅಂದರೆ ಹಲ್ಲುಜ್ಜುವುದಕ್ಕೂ ಬಾಟಲಿ ನೀರೇ.

ಸಸ್ಯಾಹಾರಿಗಳಿಗೆ ಒಂದು ಮಾತು. "ವೆಜಿಟೇರಿಯನ್" ಅನ್ನೋ ಚೀಟಿ ನಂಬಿ ಸೂಪ್ ಹಾಕಿಕೊಳ್ಳಬೇಡಿ. ತರಕಾರಿ ಸೂಪಿಗೆ ಮಾಂಸದ ಮೂಳೆ ಬೇಯಿಸಿದ ನೀರು ಹಾಕುವುದು ಬಹಳ ಅಡುಗೆಮನೆಗಳಲ್ಲಿ ಮಾಮೂಲು. ಬಡಿಸುವವರನ್ನಲ್ಲ, ಅಡುಗೆಯವರನ್ನೇ ಕರೆಸಿ ಕೇಳಿ. ಅಲರ್ಜಿ ಇರುವವರಿಗೂ ಇದೇ ದಾರಿ. ಒಮ್ಮೆ ಮುಖ ಪರಿಚಯ ಆದರೆ ಉಳಿದ ದಿನ ಅವರೇ ಏನಾದರೂ ಬೇರೆ ಮಾಡಿಕೊಡುತ್ತಾರೆ.

ಹೊಟ್ಟೆ ಕೆಟ್ಟರೆ ಒಆರ್‌ಎಸ್. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕೋಲಾ, ಹಣ್ಣಿನ ರಸ ಇದಕ್ಕೆ ಬದಲಿ ಅಲ್ಲ. ಮಲದಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದಷ್ಟು ವಾಂತಿ ಇದ್ದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ.

ಕುಡಿಯುವವರಿಗೆ: ಉಚಿತ ಅಂತ ಬೆಳಗ್ಗೆ 11ಕ್ಕೇ ಶುರು ಮಾಡಿದರೆ ಸಂಜೆಯ ಬುಕಿಂಗ್ ವ್ಯರ್ಥ. ಒಂದು ಗ್ಲಾಸಿಗೆ ಒಂದು ಗ್ಲಾಸ್ ನೀರು. ಕುಡಿದ ಮೇಲೆ ಸಮುದ್ರಕ್ಕಾಗಲಿ ಕೊಳಕ್ಕಾಗಲಿ ಇಳಿಯಲೇಬಾರದು.

## ಹಂತ 6: ನೀರಿಗಿಳಿಯುವ ಮುಂಚೆ ಐದು ನಿಮಿಷ

ರೆಸಾರ್ಟಿನ ಬೀಚ್ ಅಂದಮಾತ್ರಕ್ಕೆ ಸಮುದ್ರ ರೆಸಾರ್ಟಿನ ಮಾತು ಕೇಳೋದಿಲ್ಲ, ಅಲ್ವಾ. ಮೊದಲು ಬಾವುಟ ನೋಡಿ. ಬಹಳ ಕಡೆ ಹಸಿರು ಅಂದರೆ ಶಾಂತ, ಹಳದಿ ಅಂದರೆ ಜಾಗ್ರತೆ, ಕೆಂಪು ಅಂದರೆ ಅಪಾಯ, ಎರಡು ಕೆಂಪು ಅಂದರೆ ನೀರಿಗೆ ಇಳಿಯುವಂತೆಯೇ ಇಲ್ಲ. ನೇರಳೆ ಬಣ್ಣ ಕಂಡರೆ ಜೆಲ್ಲಿ ಮೀನಿನಂಥ ಕುಟುಕುವ ಜೀವಿಗಳಿವೆ ಅಂತ. ಮೇಲೆ ಕೆಂಪು ಕೆಳಗೆ ಹಳದಿ ಇರುವ ಬಾವುಟಗಳ ನಡುವಿನ ಜಾಗವನ್ನು ಲೈಫ್‌ಗಾರ್ಡ್ ಕಾಯುತ್ತಿರುತ್ತಾರೆ, ಈಜುವುದಾದರೆ ಅಲ್ಲೇ. ದೇಶದಿಂದ ದೇಶಕ್ಕೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಬೀಚಿನ ಫಲಕ ಓದಿಕೊಳ್ಳಿ.

ಆಮೇಲೆ ಐದು ನಿಮಿಷ ದಡದಲ್ಲೇ ನಿಂತು ಅಲೆ ನೋಡಿ. ಎಡಬಲದಲ್ಲಿ ಬಿಳಿ ನೊರೆ ಒಡೆಯುತ್ತಿದ್ದು, ನಡುವೆ ಒಂದು ಕಡೆ ಮಾತ್ರ ಅಲೆಯೇ ಇಲ್ಲದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತದಾ? ಮಕ್ಕಳನ್ನು ಇಳಿಸೋಕೆ ಒಳ್ಳೆ ಜಾಗ ಅನಿಸುತ್ತದೆ. ಆದರೆ ಬಹಳ ಸಲ ಅದೇ ಸೆಳೆತ ಇರುವ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದ ವಾಪಸ್ ಸಮುದ್ರಕ್ಕೆ ಓಡುತ್ತಿರುತ್ತದೆ. ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟಬಹುದು, ಒಲಿಂಪಿಕ್ ಈಜುಗಾರರೂ ಎದುರು ಈಜಲಾರರು.

ಸಿಕ್ಕಿಕೊಂಡರೆ ಕ್ರಮ ಇದು: ಮೊದಲು ತೇಲಿ. ಸೆಳೆತ ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯೋದಿಲ್ಲ. ದಡದ ಕಡೆ ನೇರವಾಗಿ ಈಜಬೇಡಿ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ, ಎಳೆತ ಕಡಿಮೆಯಾದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಆಗದಿದ್ದರೆ ತೇಲುತ್ತಾ ಕೈ ಬೀಸಿ. ಬೇರೆಯವರು ಸಿಕ್ಕಿಕೊಂಡಿದ್ದರೆ ನೀವು ಹಾರಬೇಡಿ, ಲೈಫ್‌ಗಾರ್ಡ್ ಕರೆಯಿರಿ, ತೇಲುವಂಥದ್ದು ಏನಾದರೂ ಎಸೆಯಿರಿ.

ಕೊಳ ಅಪಾಯವಿಲ್ಲದ್ದು ಅಂತ ಮಕ್ಕಳನ್ನು ಬಿಟ್ಟು ಮೊಬೈಲ್ ನೋಡುವವರೇ ಜಾಸ್ತಿ. ಮುಳುಗುವ ಮಗು ಕಿರುಚೋದಿಲ್ಲ, ಸದ್ದೇ ಇಲ್ಲದೆ ಮುಳುಗುತ್ತದೆ. ಕೈಯಳತೆಯಲ್ಲೇ ಇರಿ. ಇಬ್ಬರು ದೊಡ್ಡವರಿದ್ದರೆ "ಈಗ ನಾನು ನೋಡುತ್ತೇನೆ" ಅಂತ ಬಾಯಿಬಿಟ್ಟು ಹೇಳಿ ಪಾಳಿ ಮಾಡಿಕೊಳ್ಳಿ. ಇಬ್ಬರೂ ಇದ್ದಾಗಲೇ ಯಾರೂ ನೋಡುತ್ತಿರೋದಿಲ್ಲ.

## ಹಂತ 7: ಹೊರಗಿನ ಸುತ್ತಾಟ, ಡೈವಿಂಗ್

ವಾರ ಪೂರ್ತಿ ಒಂದೇ ಕಾಂಪೌಂಡಿನೊಳಗೆ ಇದ್ದರೆ ನಾಲ್ಕನೇ ದಿನ ಬೇಜಾರು ಶುರುವಾಗುತ್ತದೆ. ಒಂದು ದಿನ ಹೊರಗೆ ಹೋಗಿ. ಮೂರು ಅಥವಾ ನಾಲ್ಕನೇ ದಿನ ಇಟ್ಟುಕೊಂಡರೆ ಮಳೆ ಬಂದರೂ ಮುಂದೂಡಲು ಜಾಗ ಇರುತ್ತದೆ.

ರೆಸಾರ್ಟಿನ ಮೇಜಲ್ಲಿ ಬುಕ್ ಮಾಡಿದರೆ ಜಾಸ್ತಿ ದುಡ್ಡು, ಆದರೆ ಏನಾದರೂ ಆದರೆ ಕೇಳೋಕೆ ಒಬ್ಬರಿರುತ್ತಾರೆ. ಬೀಚಲ್ಲಿ ಬಂದು ಮಾತಾಡಿಸುವವರದ್ದು ಕಡಿಮೆ. ಅವರ ಜೊತೆ ಹೋಗುವುದಾದರೆ ಲೈಫ್ ಜಾಕೆಟ್ ಕಣ್ಣಾರೆ ನೋಡಿ, ನಿಮ್ಮ ವಿಮೆ ಆ ಆಟಕ್ಕೆ ಅನ್ವಯಿಸುತ್ತಾ ಅಂತ ನೋಡಿ, ಪಾಸ್‌ಪೋರ್ಟ್ ಅಡವಿಡಬೇಡಿ.

"ಉಚಿತ ಡೈವಿಂಗ್ ಪಾಠ" ಅಂದರೆ ಸಾಮಾನ್ಯವಾಗಿ ಕೊಳದಲ್ಲಿ ಅರ್ಧ ಗಂಟೆ. ಸಮುದ್ರಕ್ಕೆ ಇಳಿಯೋದಕ್ಕೆ ಬೇರೆ ದುಡ್ಡು. ಡೈವ್ ಮಾಡುವುದಾದರೆ ವಾರದ ಮೊದಲ ಭಾಗದಲ್ಲೇ ಮುಗಿಸಿ, ಏಕೆಂದರೆ ಒಂದು ಸಲ ಡೈವ್ ಮಾಡಿದರೆ ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ, ಹಲವು ಸಲ ಮಾಡಿದರೆ 18 ಗಂಟೆ ಅಂತರ ಬೇಕು. ಕೊನೆಯ ದಿನ ಬೆಳಗ್ಗೆ ಡೈವ್, ಸಂಜೆ ವಿಮಾನ ಅನ್ನೋ ಯೋಜನೆ ಮಾಡಬೇಡಿ.

## ಹಂತ 8: ಹೊರಡುವ ಹಿಂದಿನ ಸಂಜೆಯಿಂದ

ಹಿಂದಿನ ಸಂಜೆಯೇ ರಿಸೆಪ್ಷನ್‌ಗೆ ಹೋಗಿ ಬಿಲ್ ಪ್ರಿಂಟ್ ತೆಗೆಸಿ. ಬೆಳಗ್ಗೆ 11ಕ್ಕೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ, ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ, ಆ ಗಡಿಬಿಡಿಯಲ್ಲಿ ಯಾರು ತಾನೇ ಸಾಲು ಸಾಲು ಓದುತ್ತಾರೆ? ಒಮ್ಮೆ ನಾವು ಮುಟ್ಟಿಯೇ ಇಲ್ಲದ ಮಿನಿಬಾರ್‌ನ ಎರಡು ಬಾಟಲಿ ನಮ್ಮ ಬಿಲ್ಲಲ್ಲಿ ಇದ್ದವು. ಹಿಂದಿನ ರಾತ್ರಿ ನೋಡಿದ್ದಕ್ಕೆ ಐದೇ ನಿಮಿಷದಲ್ಲಿ ತೆಗೆದರು. ವಾರ ಪೂರ್ತಿ ಸಹಿ ಹಾಕಿದ ಚೀಟಿಗಳ ಫೋಟೋ ತೆಗೆದಿಟ್ಟುಕೊಂಡಿದ್ದರೆ ವಾದವೇ ಬೇಕಾಗೋದಿಲ್ಲ.

ವಿಮಾನ ರಾತ್ರಿ ಇದ್ದರೆ ಮೂರು ಪ್ರಶ್ನೆ ಕೇಳಿ. ರೂಮನ್ನು ಇನ್ನೆರಡು ಗಂಟೆ ಇಟ್ಟುಕೊಳ್ಳಬಹುದಾ? ಖಾಲಿ ಮಾಡಿದ ಮೇಲೆ ಸ್ನಾನಕ್ಕೆ ಬೇರೆ ಕೋಣೆ ಇದೆಯಾ? ಊಟ, ಕೊಳ ಎಷ್ಟು ಗಂಟೆವರೆಗೆ? ಕೆಲವು ಕಡೆ ಮಧ್ಯಾಹ್ನ 12ಕ್ಕೇ ಕೈಪಟ್ಟಿಯ ಬೆಲೆ ಮುಗಿಯುತ್ತದೆ, ಕೆಲವು ಕಡೆ ಸಂಜೆವರೆಗೂ ಬಿಡುತ್ತಾರೆ.

ಬೆಳಗ್ಗೆ ಲಾಕರ್ ಖಾಲಿ ಮಾಡಿ ಬಾಗಿಲು ತೆರೆದೇ ಇಡಿ, ಮತ್ತೊಮ್ಮೆ ಇಣುಕಲು ಅನುಕೂಲ. ಚಾರ್ಜರ್, ಬಚ್ಚಲ ಬಾಗಿಲ ಹಿಂದೆ ಒಣಹಾಕಿದ ಈಜುಡುಗೆ, ಹಾಸಿಗೆ-ಗೋಡೆ ನಡುವೆ ಬಿದ್ದ ಕನ್ನಡಕ: ಬಿಟ್ಟು ಬರುವುದು ಇವೇ. ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ ಇರಲಿ. ಕೈಪಟ್ಟಿ ಮಾತ್ರ ಆಗಲೇ ಕತ್ತರಿಸಬೇಡಿ. ಬಿಲ್ ಮುಗಿಸಿದ ಮೇಲೂ ಗಾಡಿ ಒಂದು ಗಂಟೆ ತಡ ಮಾಡಬಹುದು, ಆಗ ಒಂದು ಕಾಫಿ ಬೇಕೆನಿಸುತ್ತದೆ.